ಒಳಗೆಳೆದ ಹೌದು

ನಮ್ಮ ಊಮೆಯೋ ಊರಿನಲ್ಲಿ 'ಹೌದು' ಎನ್ನಲು ಯಾರೂ ಬಾಯಿ ನೋಯಿಸಿಕೊಳ್ಳುವುದಿಲ್ಲ. ಸೀಟಿ ಹೊಡೆಯುವವರ ಹಾಗೆ ತುಟಿ ಚೂಪು ಮಾಡಿ, ಉಸಿರನ್ನು ಒಂದೇ ಏಟಿಗೆ ಒಳಗೆಳೆದುಕೊಂಡರೆ ಆಯಿತು. ಶ್ಶುಪ್! ಅದೇ ಹೌದು. ಉತ್ತರ ಸ್ವೀಡನ್ನಿನ ಚಳಿಯಲ್ಲಿ ಬಾಯಿ ತೆರೆದರೆ ನಾಲಗೆ ಹೆಪ್ಪುಗಟ್ಟುತ್ತದೆಂದು ಹಿರಿಯರು ಹೂಡಿದ ಉಪಾಯ ಇದು ಎನ್ನುತ್ತಾರೆ. ಸುಳ್ಳು. ಇದನ್ನು ಕಂಡುಹಿಡಿದದ್ದು ನಮ್ಮ ಮನೆತನ. ನನ್ನ ಮದುವೆಯ ದಿನ ಪಾದ್ರಿ "ಇವಳನ್ನು ಒಪ್ಪಿಕೊಳ್ಳುತ್ತೀಯಾ?" ಎಂದಾಗ ನಾನೆಳೆದ ಉಸಿರಿಗೆ ಮೇಣದಬತ್ತಿಗಳ ಜ್ವಾಲೆಯೆಲ್ಲ ನನ್ನತ್ತ ಬಾಗಿ ನಮಸ್ಕರಿಸಿತು, ಆರ್ಗನ್ ನುಡಿಸುವವನ ಹಾಳೆ ತಾನಾಗಿ ಮಗುಚಿತು, ಮುಂದಿನ ಸಾಲಿನ ಮುದುಕಿಯ ಟೋಪಿ ಹಾರಿಬಂದು ನನ್ನ ಕಾಲ ಬುಡಕ್ಕೆ ಬಿತ್ತು. ಅಂಥ ಹೌದನ್ನು ಆ ಚರ್ಚಿನಲ್ಲಿ ಆಮೇಲೆ ಯಾರೂ ಹೇಳಿಲ್ಲ.

ನನ್ನ ಹೆಂಡತಿ ಇಂಗೇಲಾ ದಕ್ಷಿಣದ ತುದಿಯವಳು, ಈಸ್ಟಾದ್ ಊರಿನವಳು. ಅಲ್ಲಿನವರು ಹೌದನ್ನು ಬಾಯಿಂದಲೇ ಹೇಳಿ, ಯಾಕೆ ಹೌದು ಎಂದು ಅರ್ಧ ಗಂಟೆ ವಿವರಿಸುತ್ತಾರೆ. ಮದುವೆಯಾದ ಹೊಸತರಲ್ಲಿ ನನ್ನ ಶ್ಶುಪ್ ಅವಳಿಗೆ ಮುದ್ದಾಗಿ ಕೇಳಿಸುತ್ತಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ, "ವ್ಯಾಕ್ಯೂಮ್ ಕ್ಲೀನರ್ ಜೊತೆ ಸಂಸಾರ ಮಾಡಿದ ಹಾಗಿದೆ" ಎನ್ನತೊಡಗಿದಳು. ಹೆಂಗಸರ ರುಚಿ ಬದಲಾಗುತ್ತದೆ. ಗಂಡಸರ ಉಸಿರು ಬದಲಾಗುವುದಿಲ್ಲ.

ಆ ವರ್ಷ ಎಲೆ ಉದುರುವ ಹೊತ್ತಿಗೆ ಈಸ್ಟಾದಿನಿಂದ ಅವಳ ಅಕ್ಕ ಫೋನ್ ಮಾಡಿ, ತನ್ನ ಬೇಕರಿಗೆ ಬಂದು ಜೊತೆಗೆ ನಿಲ್ಲು ಎಂದು ಕರೆದಳು. ಇಂಗೇಲಾ ಊಟದ ಮೇಜಿನ ಮೇಲೆ ಎರಡೂ ಮೊಣಕೈ ಊರಿ ಕೂತಳು.

"ರೂನೆ, ನಾನು ಹೋಗ್ಲಾ, ಇರ್ಲಾ? ಇಲ್ಲಾ ನೀನೂ ಬರ್ತೀಯಾ?"

"ಕಾಫಿ ಆರಿಹೋಗ್ತಿದೆ," ಅಂದೆ.

"ಮೊದಲ ಹಿಮ ಬೀಳೋದರೊಳಗೆ ನನಗೆ ಉತ್ತರ ಬೇಕು. ಬಾಯಿಂದ. ಮೂತಿ ಚೂಪು ಮಾಡಿ ಗಾಳಿ ಕುಡಿದ್ರೆ ನಡೆಯಲ್ಲ."

ಹೆಂಡತಿಗೆ ಉತ್ತರ ಕೊಡುವುದಕ್ಕಿಂತ ಅವಳನ್ನು ಬೆರಗುಗೊಳಿಸುವುದು ಸುಲಭ ಎಂಬುದು ನನ್ನ ಸಿದ್ಧಾಂತ. ಬೆರಗಾದವಳು ಪ್ರಶ್ನೆ ಮರೆಯುತ್ತಾಳೆ. ಬೆರಗುಗೊಳಿಸುವ ದಾರಿಯನ್ನು ತೋರಿಸಿದವನು ಅವಳ ಅಣ್ಣ ಯಾಲ್ಮಾರ್. ಅವನು ಯಾವುದೋ ಕಂಪನಿಯ ಮ್ಯಾನೇಜರಾಗಿ ನಮ್ಮ ಊರಿಗೆ ಬಂದು, ನಮ್ಮ ಊರಿನ ಗಾಳಿಯನ್ನೇ ಕುಡಿದು, ನಮ್ಮನ್ನೇ ಹಳ್ಳಿಗರು ಎನ್ನುವ ಆಸಾಮಿ. ಭಾನುವಾರ ಹಂದಿಮಾಂಸ ತುಂಬಿದ ಆಲೂಗಡ್ಡೆ ಕಡುಬಿನ ಊಟಕ್ಕೆ ಕರೆದಿದ್ದ. ಅವನ ಹೊಸ ಮನೆಯ ಬಾಗಿಲಿಗೆ ಬೀಗದ ತೂತೇ ಇಲ್ಲ. ಯಾಲ್ಮಾರ್ ರಾಜಕುಮಾರನ ಹಾಗೆ ಎಡಗೈ ಬೀಸಿದ. ಬಾಗಿಲು 'ಕ್ಲಿಕ್' ಎಂದು ತೆರೆದುಕೊಂಡಿತು.

"ಎಲೆಕ್ಟ್ರಾನಿಕ್ ಚಿಪ್ಪು," ಅಂದ, ಹೆಬ್ಬೆರಳಿನ ಬುಡ ತೋರಿಸಿ. "ಚರ್ಮದ ಒಳಗೇ ಇದೆ. ಅಕ್ಕಿಕಾಳಿನಷ್ಟು. ನಮ್ಮ ಆಫೀಸಲ್ಲಿ ಎಲ್ಲರಿಗೂ ಇದೆ."

"ಅಯ್ಯೋ! ಇನ್ನೊಂದ್ಸಲ ಮಾಡೋ!" ಎಂದಳು ಇಂಗೇಲಾ. ಅವಳ ಹುಬ್ಬು ಮೇಲೇರಿದವು. ನಾನು ಆ ಹುಬ್ಬುಗಳ ಒಡೆಯನಾಗಿ ಇಪ್ಪತ್ತು ವರ್ಷ. ನನ್ನ ಸಲುವಾಗಿ ಅವು ಒಂದು ಕೂದಲೆಳೆಯಷ್ಟೂ ಏರಿದ್ದಿಲ್ಲ.

ಇಲ್ಲಿ ನನ್ನ ವೃತ್ತಿ ಹೇಳಬೇಕು. ನಾನು ಬೀಗದ ಕೈ ಮಾಡುವವನು. ಈ ಊರಿನ ಯಾವ ಬಾಗಿಲೂ ನನ್ನ ಅಪ್ಪಣೆಯಿಲ್ಲದೆ ತೆರೆಯುವುದಿಲ್ಲ ಎಂದರೆ ಅತಿಶಯೋಕ್ತಿಯಲ್ಲ, ವಿನಯ.

ಯಾಲ್ಮಾರ್ ಕಡುಬು ನುಂಗುತ್ತ ಹೇಳಿದ: "ಇನ್ನು ಅಂಗಡಿ ಮುಚ್ಚೋದೇ ಭಾವ. ಮನುಷ್ಯನ ಕೈಯೇ ಬೀಗದ ಕೈ ಆದ್ಮೇಲೆ ಬೀಗದ ಕೈ ಮಾಡೋನಿಗೇನು ಕೆಲಸ?"

"ನೋಡ್ತಿರು. ನನ್ನ ಕೈ ಇದಕ್ಕಿಂತ ದೊಡ್ಡ ಬಾಗಿಲು ತೆಗೆಯುತ್ತೆ."

"ಮೊದಲು ಬಾಯಿ ತೆಗಿ, ಸಾಕು," ಅಂದಳು ಇಂಗೇಲಾ.

ಮಾರನೆಯ ದಿನವೇ ಕಿವಿ-ಮೂಗು ಚುಚ್ಚುವ ಟಿಲ್ಡಾಳ ಅಂಗಡಿಗೆ ಹೋದೆ. ಆ ಹುಡುಗಿಯ ಮುಖದಲ್ಲಿ ಇದ್ದ ಕಬ್ಬಿಣದಿಂದ ಒಂದು ಸೇತುವೆ ಕಟ್ಟಬಹುದಿತ್ತು. ವಿಮಾನ ನಿಲ್ದಾಣದ ತಪಾಸಣೆಯವರು ಅವಳು ಬರುವ ದಿನ ರಜೆ ಹಾಕುತ್ತಾರಂತೆ.

"ಭಯ ಏನಾದ್ರೂ ಇದ್ಯಾ?"

"ಭಯವಾ? ನಮ್ಮಜ್ಜ ಎಚ್ಚರವಾಗಿದ್ದ ಕರಡಿಯ ಹಲ್ಲು ಕಿತ್ತವನು."

ಅವಳು ಸೂಜಿ ತೆಗೆದಳು. ಸೂಜಿ ಎನ್ನುವುದು ಅವಳ ಮಾತು. ನಾನು ನೋಡಿದ್ದು ನೀರಿನ ಪೈಪು. ಅದರೊಳಗೆ ಅಕ್ಕಿಕಾಳೇನು, ಅಕ್ಕಿಮೂಟೆಯೇ ಸಾಗಬಹುದಿತ್ತು. ಅದನ್ನು ನನ್ನ ಹೆಬ್ಬೆರಳಿನ ಬುಡಕ್ಕೆ ಇಳಿಸುತ್ತ, ಗಿರಾಕಿಯ ಗಮನ ಬೇರೆಡೆ ಸೆಳೆಯಬೇಕಲ್ಲ ಎಂದು ಮಾತಿಗೆಳೆದಳು.

"ಇದರ ಜೊತೆಗೆ ಬೆರಳಿಗೊಂದು ಮ್ಯಾಗ್ನೆಟ್ಟೂ ಹಾಕ್ಲಾ?"

"ಶ್ಶುಪ್!" ಎಂದೆ, ಸೂಜಿ ಒಳಹೊಕ್ಕಿದ್ದರಿಂದ.

"ಉಂಗುರದ ಬೆರಳಿಗಾ?" ಎನ್ನುತ್ತ ಸೂಜಿ ತಿರುಗಿಸಿದಳು.

"ಶ್ಶುಪ್!"

"ಗಟ್ಟಿ ಮನುಷ್ಯ ಬಿಡು. ಹಾಗಾದ್ರೆ ಮರಗಟ್ಟಿಸೋ ಔಷಧಿ ಬೇಡ ತಾನೇ?" ಎಂದು ಸೂಜಿ ಹೊರಗೆಳೆದಳು.

"ಶ್ಶುಪ್!!"

ಟಿಲ್ಡಾ ನಮ್ಮ ಊರಿನಲ್ಲೇ ಹುಟ್ಟಿದವಳು. ಮೂರು ಸಲ ಹೌದೆಂದವನನ್ನು ನಾಲ್ಕನೆಯ ಸಲ ಕೇಳಲಿಲ್ಲ. ಊದಿಕೊಳ್ಳುತ್ತದೆಂದು ಮದುವೆಯ ಉಂಗುರ ಬಿಚ್ಚಿ ನನ್ನ ಜೇಬಿಗೆ ಹಾಕಿದಳು. ಬೆರಳ ತುದಿ ಸೀಳಿ ಅಯಸ್ಕಾಂತದ ಬಿಲ್ಲೆಯೊಂದನ್ನು ಒಳಗಿಟ್ಟು, ಹರಿದ ಕಾಲುಚೀಲ ಹೊಲಿಯುವ ಹಾಗೆ ಹೊಲಿದಳು. ನಾನು ಕಿರುಚಲಿಲ್ಲ. ಆ ಮಧ್ಯಾಹ್ನ ನದಿಯ ಆಚೆ ದಡದವರು ಕೇಳಿಸಿಕೊಂಡದ್ದು ಬೆಂಕಿ ನಂದಿಸುವ ವಾಹನದ ಸದ್ದಿರಬೇಕು.

"ಇದನ್ನ ಯಾಕೆ ಹಾಕಿದೆ?" ಎಂದೆ, ಪ್ರಜ್ಞೆ ಬಂದ ಮೇಲೆ.

"ನೀನೇ ಹೌದು ಹೌದು ಅಂದೆಯಲ್ಲ! ಈಗ ತೆಗೆಯೋಕಾಗಲ್ಲ. ಗಾಯ ಪೂರ್ತಿ ಮಾಗಲಿ, ಆಮೇಲೆ ಬಾ. ಮೊಳೆ, ಚಾಕು, ಬಸ್ಸಿನ ಕಂಬಿ, ಎಲ್ಲದರಿಂದ ದೂರ ಇರು."

ಬೀಗದ ಅಂಗಡಿಯವನಿಗೆ ಹೇಳಿದ ಬುದ್ಧಿವಾದ!

ಅಯಸ್ಕಾಂತದ ಪ್ರತಾಪವನ್ನು ಏನೆಂದು ಬಣ್ಣಿಸಲಿ. ಹೋದಲ್ಲೆಲ್ಲ ಚಮಚಗಳು ನನ್ನತ್ತ ಹೊರಳುತ್ತಿದ್ದವು. ನಾನು ದಂಡೆಯ ಮೇಲೆ ನಡೆದರೆ ನದಿಯಲ್ಲಿ ದೋಣಿಗಳು ದಿಕ್ಕು ತಪ್ಪುತ್ತಿದ್ದವು. ಬೆರಳು ಕಬ್ಬಿಣಕ್ಕೆ ಅಂಟಿದಾಗಲೆಲ್ಲ ಹೊಲಿಗೆ ಜಗ್ಗುತ್ತಿತ್ತು. ಹೊಲಿಗೆ ಜಗ್ಗಿದಾಗಲೆಲ್ಲ ನನ್ನ ಬಾಯಿ ಶ್ಶುಪ್ ಎನ್ನುತ್ತಿತ್ತು. ಹಾಗೆನ್ನುವಾಗ ಎದುರಿಗೆ ಯಾರಾದರೊಬ್ಬರು ಏನಾದರೊಂದು ಕೇಳುತ್ತಲೇ ಇರುತ್ತಿದ್ದರು.

ಚಿಪ್ಪು ಒಂದಾದರೂ ಬಾಗಿಲು ತೆರೆಯುವವರೆಗೆ ಇಂಗೇಲಾಳಿಗೆ ಹೇಳಬಾರದೆಂದು ಕೈಗವಸು ಹಾಕಿಕೊಂಡೇ ಊಟಕ್ಕೆ ಕೂತೆ.

"ಮನೆಯೊಳಗೆ ಗವಸು ಯಾಕೆ?"

"ಚಳಿ."

"ಸೂಪು ಕುಡಿಯೋ ಕೈಗೂ ಚಳಿಯಾ?" ಎಂದು ಅವಳು ಗವಸನ್ನು ಎಳೆದೇ ಬಿಟ್ಟಳು. ಪಟ್ಟಿ ಸುತ್ತಿದ ಬೆರಳು. ಉಂಗುರವಿಲ್ಲ. "ಬೇಕಂತ್ಲೇ ತೆಗೆದಿಟ್ಟೆಯಾ?"

ಗವಸಿನ ಜೊತೆ ಪಟ್ಟಿಯೂ ಜಗ್ಗಿತ್ತು. "ಶ್ಶುಪ್!"

ಇಂಗೇಲಾ ಎದ್ದು ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೆ ತೊಳೆದಳು. ನಮ್ಮ ಭಾಷೆಯಲ್ಲಿ ಮದುವೆಯಾದವನು ಎನ್ನುವುದಕ್ಕೂ ವಿಷ ಎನ್ನುವುದಕ್ಕೂ ಒಂದೇ ಪದ. ನಮ್ಮ ಪೂರ್ವಜರು ಕಮ್ಮಿ ಮಾತಾಡಿದರೂ ಯೋಚಿಸಿ ಆಡಿದ್ದಾರೆ.

ಇನ್ನು ತಡ ಮಾಡಬಾರದು, ಇವಳ ಕಣ್ಣೆದುರೇ ಒಂದು ಬಾಗಿಲು ತೆರೆದು ತೋರಿಸಬೇಕು ಎಂದು ನಿಶ್ಚಯಿಸಿದೆ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ ಇದೆ. ಅದಕ್ಕೆ ಈಚೆಗೆ ವಿದ್ಯುತ್ ಬೀಗ ಬಂದಿತ್ತು. ನನ್ನ ಕೈಯನ್ನು ಆ ಬೀಗಕ್ಕೆ ಪರಿಚಯ ಮಾಡಿಸಬೇಕಾದರೆ ಗುನ್ವೋರ್ ಒಪ್ಪಬೇಕು. ಮೂರನೆಯ ಮಹಡಿಯ ಗುನ್ವೋರ್ ಆ ಕೋಣೆಯ ಸಾಮ್ರಾಜ್ಞಿ. ಡ್ರೈಯರಿನ ಜಾಲರಿಯಲ್ಲಿ ಯಾರು ಎಷ್ಟು ನೂಲು ಬಿಟ್ಟು ಹೋದರೆಂದು ಮೂಸಿಯೇ ಹೇಳಬಲ್ಲವಳು. ದೇಶದ ಗಡಿ ಒಂದಿಷ್ಟು ಆಚೀಚೆ ಆದರೂ ನಮ್ಮವರು ಸಹಿಸಿಯಾರು. ಬಟ್ಟೆ ಒಗೆಯುವ ಪಾಳಿ ಕಾಲು ಗಂಟೆ ಆಚೀಚೆ ಆದರೆ ರಕ್ತಪಾತ. ಗುರುವಾರ ಸಂಜೆಯ ಪಾಳಿ ನಮ್ಮದು. ವಾರದಲ್ಲೇ ಚಿನ್ನದಂಥ ಪಾಳಿ. ಇಂಗೇಲಾ ಅದಕ್ಕಾಗಿ ಹನ್ನೆರಡು ವರ್ಷ ಸರದಿ ಕಾದು, ಅದನ್ನು ಹಿಡಿದಿದ್ದ ಮುದುಕ ತೀರಿಕೊಂಡ ದಿನ ಅಳುತ್ತಳುತ್ತಲೇ ಹೋಗಿ ಪಡೆದದ್ದು.

"ಗುನ್ವೋರ್, ನನ್ನ ಕೈಯಲ್ಲಿ ಚಿಪ್ಪಿದೆ. ಇದನ್ನ ಬೀಗಕ್ಕೆ ಸೇರಿಸ್ಕೊಡು," ಎಂದು ಬಟ್ಟೆಯಂತ್ರದ ಮೇಲೆ ಠೀವಿಯಿಂದ ಕೈಯೂರಿದೆ.

"ಥೂ! ಬೆಕ್ಕಿಗೆ ಹಾಕ್ತಾರಲ್ಲ, ಅದಾ?"

"ಬೆಕ್ಕಿಗೆ ಹಾಕೋದು ಬೇರೆ. ಇದು ಮ್ಯಾನೇಜರುಗಳಿಗೆ ಹಾಕೋದು."

"ಎರಡಕ್ಕೂ ಏನು ವ್ಯತ್ಯಾಸ? ಕಳೆದುಹೋದ್ರೆ ಯಾರಾದ್ರೂ ತಂದುಕೊಡ್ಲಿ ಅಂತ ತಾನೇ?" ಅವಳು ದನಿ ತಗ್ಗಿಸಿದಳು. "ಅದಿರಲಿ ರೂನೆ. ಇಂಗೇಲಾ ಊರು ಬಿಡ್ತಾಳಂತೆ. ಒಬ್ಬ ಗಂಡಸಿನ ಎರಡು ಚಡ್ಡಿಗೆ ಗುರುವಾರದ ಪಾಳಿ ಯಾಕೆ? ನನಗೆ ಬಿಟ್ಟುಕೊಡ್ತೀಯಾ?"

ಆಗ ನಾನು ಕೈ ತೆಗೆಯಲು ಹೋದೆ. ಕೈ ಬಂತು. ಬೆರಳು ಬರಲಿಲ್ಲ.

"ಶ್ಶುಪ್!"

ಗುನ್ವೋರಳ ಕಣ್ಣಲ್ಲಿ ನೀರು ಬಂತು. ಗುರುವಾರ ಹಿಡಿದಿದ್ದ ಆ ಮುದುಕನನ್ನು ಅವಳೇನೂ ವಿಷ ಹಾಕಿ ಕೊಂದಿರಲಿಕ್ಕಿಲ್ಲ, ಆದರೆ ಆ ಪಾಳಿಗಾಗಿ ಯೋಚಿಸಿರಬಹುದು. "ಭಾನುವಾರ ಬೆಳಿಗ್ಗೆ ಆರರದ್ದು ನೀನು ತಗೋತೀಯಾ?"

"ಶ್ಶುಪ್! ಅಲ್ಲ ಗುನ್ವೋರ್, ಇದು ಹೌದಲ್ಲ, ಇದು ಬೆರಳು..."

"ಹೌದಲ್ಲದ ಹೌದು ಯಾವುದಪ್ಪಾ? ನಿಮ್ಮಪ್ಪನೂ ಹೀಗೇ, ಹೌದಂದು ಆಮೇಲೆ ಜಾರ್ಕೊಳ್ತಿದ್ದ. ನಾನು ಬಿಡ್ತಿರಲಿಲ್ಲ." ನಾನು ಯಂತ್ರದಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಅವಳು ಗೋಡೆಯ ಹಲಗೆಯಿಂದ ನಮ್ಮ ಹೆಸರಿನ ಬಿಲ್ಲೆ ಕಿತ್ತು ತನ್ನದನ್ನು ಸಿಕ್ಕಿಸಿದ್ದಳು. ಚಿಪ್ಪಿಗೆ ಬಾಗಿಲು ತೆರೆಯಲಿಲ್ಲ. ಯಾವ ಬಾಗಿಲೂ ಕೊನೆಯವರೆಗೆ ತೆರೆಯಲಿಲ್ಲ.

ಇಂಗೇಲಾ ಆ ಗುರುವಾರ ಬಟ್ಟೆ ಬುಟ್ಟಿ ಹೊತ್ತು ಕೆಳಗೆ ಹೋದವಳು ಅದೇ ಬುಟ್ಟಿ ಹೊತ್ತು ವಾಪಸ್ಸು ಬಂದಳು.

"ನಾನಿನ್ನೂ ಹೋಗೋದು ಬಿಡೋದು ತೀರ್ಮಾನ ಮಾಡಿಲ್ಲ. ನೀನು ನನ್ನ ಪಾಳಿ ಹಂಚಿಬಿಟ್ಟೆ!"

"ಅವಳು ತಪ್ಪು ತಿಳ್ಕೊಂಡ್ಳು."

"ಹೌದು ಅಂದೆಯಂತೆ. ಎರಡೆರಡು ಸಲ."

"ಅದು ಉಸಿರು!"

"ಇಪ್ಪತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೀನಿ," ಅಂದಳು ಇಂಗೇಲಾ.

ಮರುದಿನ ಬೆರಳು ಆಲೂಗಡ್ಡೆಯಷ್ಟಾಗಿತ್ತು. ಆಲೂಗಡ್ಡೆ ಎಂದರೆ ಸಣ್ಣದಲ್ಲ, ಸ್ಪರ್ಧೆಗಿಡುವಂಥದ್ದು. ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿನ ಡಾಕ್ಟರ್ ಪರ್ವೀನ್ ಹೋದ ವರ್ಷವಷ್ಟೇ ಊರಿಗೆ ಬಂದವಳು, ಒಳ್ಳೆಯವಳು, ನಮ್ಮ ದುರದೃಷ್ಟಕ್ಕೆ ಶ್ರದ್ಧೆಯವಳು.

"ಈ ಊರಿನ ಹೌದು ಅರ್ಥ ಆಗ್ದೆ ಮೊದಲ ವಾರ ಮೂವರಿಗೆ ಆಮ್ಲಜನಕ ಕೊಟ್ಟಿದ್ದೆ," ಎಂದು ನಕ್ಕಳು. "ಈಗ ಕಲ್ತಿದ್ದೀನಿ. ಭಾಷೆಯ ಸಂಜೆ ತರಗತಿಯಲ್ಲಿ ನಾನೇ ಮೊದಲು. ಎಲ್ಲಿ, ಬೆರಳು ಕೊಡು. ವಾಡಿಕೆಯ ಪ್ರಶ್ನೆ ಕೇಳ್ತಾ ನೋಡಿಬಿಡ್ತೀನಿ. ಕುಡಿಯೋ ಅಭ್ಯಾಸ ಇದ್ಯಾ?"

ಕೇಳುತ್ತಲೇ ಬೆರಳ ತುದಿ ಒತ್ತಿದಳು.

"ಶ್ಶುಪ್!"

"ದಿನಾನೂನಾ?" ಮತ್ತೆ ಒತ್ತಿದಳು.

"ಶ್ಶುಪ್!"

"ಬೆಳಿಗ್ಗೆಯಿಂದ್ಲೇ?" ಅವಳ ದನಿ ಮೆತ್ತಗಾಯಿತು. ಕೈ ಆಗಲಿಲ್ಲ.

"ಶ್ಶುಪ್! ಅಲ್ಲ ಪರ್ವೀನ್, ಇದು ನೋವಿಗೆ..."

"ನೋವಿಗೇ ಎಲ್ಲರೂ ಕುಡಿಯೋದು, ರೂನೆ."

ಇಂಥ ಕರುಣೆಯೆದುರು ಮನುಷ್ಯ ಏನು ಮಾಡಿಯಾನು? ನನ್ನ ಬೆನ್ನು ಸವರಿದಳು. ನನ್ನಂಥ ಎಷ್ಟೋ ಗಂಡಸರು ಒಪ್ಪಿಕೊಳ್ಳದೆಯೇ ಸಾಯುತ್ತಾರೆ ಎಂದಳು. ಕೊನೆಗೆ ಔಷಧಿಯ ಬಾಟಲಿ ಎತ್ತಿಕೊಂಡು, "ನಿನ್ನ ಒಪ್ಪಿಗೆ ಇಲ್ದೆ ಯಾರಿಗೂ ಹೇಳಲ್ಲ. ಹೆಂಡತಿಗೆ ಫೋನ್ ಮಾಡಿ ತಿಳಿಸ್ಲಾ?" ಎಂದು ಕೇಳಿ, ಉರಿಯುವ ಆ ನೀರನ್ನು ಗಾಯದ ಮೇಲೆ ಸುರಿದಳು.

ನಾನೆಳೆದ ಉಸಿರಿಗೆ ಕಿಟಕಿಯ ಪರದೆ ಕೋಣೆಯೊಳಗೆ ಬಂದುಬಿಟ್ಟಿತು.

"ಇದು ದೊಡ್ಡ ಹೆಜ್ಜೆ," ಅಂದಳು ಪರ್ವೀನ್, ಕಣ್ಣೊರೆಸಿಕೊಳ್ಳುತ್ತ.

ಮನೆಗೆ ಹೋಗುವ ದಾರಿಯಲ್ಲಿ ಶಪಥ ಮಾಡಿದೆ: ಇನ್ನು ಮೇಲೆ ಉಸಿರು ಮೂಗಿನಿಂದ ಮಾತ್ರ. ಆಕಾಶವೇ ಕುಸಿದು ಬೆರಳ ಮೇಲೆ ಬಿದ್ದರೂ ಬಾಯಿಂದ ಗಾಳಿ ಎಳೆಯುವುದಿಲ್ಲ. ಹೇಳಬೇಕಾದ್ದನ್ನು ಪದಗಳಲ್ಲಿ ಹೇಳಬೇಕು. ವಾಕ್ಯಗಳನ್ನು ಜೋಡಿಸಿಕೊಂಡೆ. ಒಂದಲ್ಲ ಎರಡಲ್ಲ, ಆರೇಳು ವಾಕ್ಯ. ನಮ್ಮ ವಂಶದಲ್ಲಿ ಒಬ್ಬನೇ ಗಂಡಸು ಒಂದೇ ದಿನದಲ್ಲಿ ಅಷ್ಟು ಆಡಿದ ದಾಖಲೆಯಿಲ್ಲ. ಕೊನೆಯ ವಾಕ್ಯ 'ಇರು' ಎಂಬುದು. ನಾನು ಮೆಟ್ಟಿಲೇರುವಾಗ ಹಿಮ ಬೀಳತೊಡಗಿತ್ತು.

ಅಡುಗೆಮನೆಯಲ್ಲಿ ಇಂಗೇಲಾ ಕೋಟು ಹಾಕಿಕೊಂಡು ನಿಂತಿದ್ದಳು. ಕಾಲ ಬಳಿ ಎರಡು ಸೂಟ್‌ಕೇಸು. ಕಾರಿನಲ್ಲಿ ರೈಲಿಗೆ ಬಿಡಲು ಬಂದ ಯಾಲ್ಮಾರ್ ಬಾಗಿಲ ಬಳಿ ತನ್ನ ಬೂಟನ್ನೇ ನೋಡುತ್ತಿದ್ದ. ಮೊದಲ ಸಲ ಅವನ ಬಾಯಲ್ಲಿ ಕುಹಕ ಇರಲಿಲ್ಲ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನೀನು ಉಂಗುರ ತೆಗೆದೆ," ಅಂದಳು ಇಂಗೇಲಾ. "ನನ್ನ ಗುರುವಾರ ಕೊಟ್ಟೆ. ಬೆಳಗ್ಗೆಯಿಂದ ಕುಡೀತೀಯಂತೆ. ನಿನ್ನ ಜೊತೆ ಒಂದೇ ಮನೇಲಿದ್ದು ನನಗದು ಗೊತ್ತಾಗ್ಲಿಲ್ಲ ನೋಡು. ನೀನು ಡಾಕ್ಟರಿಗೆ ಹೇಳಿದೆ. ಗುನ್ವೋರಳಿಗೆ ಹೇಳಿದೆ. ಊರಿಗೆಲ್ಲ ಹೌದು ಅಂದೆ."

ನಾನು ಬಾಯಿ ತೆರೆದೆ. ವಾಕ್ಯಗಳು ಸಾಲಾಗಿ ನಿಂತಿದ್ದವು. ಧೈರ್ಯಕ್ಕೆಂದು ಒಂದು ಕೈ ಹಿಂದಕ್ಕೆ ಊರಿದೆ. ಹಿಂದಿದ್ದದ್ದು ಫ್ರಿಜ್ಜು.

ಬೆರಳು 'ಟಪ್' ಎಂದು ಅಂಟಿತು. ಹಸಿ ಗಾಯ, ಹೊಸ ಔಷಧಿ. ಕಣ್ಣ ಮುಂದೆ ಉತ್ತರ ಧ್ರುವದ ಬಣ್ಣಬಣ್ಣದ ಬೆಳಕೆಲ್ಲ ಕುಣಿಯಿತು. ತುಟಿ ಕಚ್ಚಿ ಹಿಡಿದೆ.

"ಹೋಗಲಿ ಬಿಡು," ಅಂದಳು ಇಂಗೇಲಾ. ಅವಳ ದನಿ ಮದುವೆಯ ಹೊಸತರಲ್ಲಿದ್ದ ಹಾಗಿತ್ತು. "ಒಂದೇ ಒಂದು ಕೇಳ್ತೀನಿ. ನಾನು ಇರೋದು ನಿನಗೆ ಬೇಕಾ? ಬಾಯಲ್ಲಿ ಹೇಳೋಕಾಗದಿದ್ರೆ ಬೇಡ. ನಿಮ್ಮೂರಿನ ಹಾಗೇ ಹೇಳು. ಅದೂ ಸಾಕು ನನಗೆ."

ಉಸಿರು ಗಂಟಲಿನವರೆಗೂ ಬಂದು ನಿಂತಿತ್ತು. ಆದರೆ ಅದು ನೋವಿನ ಉಸಿರು. ಟಿಲ್ಡಾಳಿಗೆ, ಗುನ್ವೋರಳಿಗೆ, ಡಾಕ್ಟರಿಗೆ ಕೊಟ್ಟ ಅದೇ ಸರಕು. ಇವಳ ಪ್ರಶ್ನೆಗೆ ಅದನ್ನು ಹೌದೆಂದು ಕೊಡುವುದೇ? ನಾನು ಏನೇ ಆಗಿರಲಿ, ಕಲಬೆರಕೆ ಮಾಲು ಮಾರುವವನಲ್ಲ. ಈ ನೋವೊಂದು ಇಳಿಯಲಿ, ಅಪ್ಪಟವಾದದ್ದೊಂದನ್ನು ಎಳೆದು ಕೊಡುತ್ತೇನೆ ಎಂದು ಉಸಿರು ಬಿಗಿಹಿಡಿದೆ. ಮುಖ ಬೀಟ್‌ರೂಟಾಯಿತು. ಕಣ್ಣು ಹೊರಗೆ ಬಂದವು.

ಇಂಗೇಲಾ ಕಾದಳು. ಕುತ್ತಿಗೆಗೆ ಶಾಲು ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

"ಸರಿ," ಅಂದಳು. "ಇದೊಂದಕ್ಕೆ ಮಾತ್ರ ಇಲ್ಲ ನಿನ್ನ ಹತ್ರ."

ಯಾಲ್ಮಾರ್ ಸೂಟ್‌ಕೇಸು ಎತ್ತಿಕೊಂಡ. ಬಾಗಿಲು ಮುಚ್ಚಿಕೊಂಡಿತು. ಲಿಫ್ಟು ಗೊರಗೊರ ಎನ್ನುತ್ತ ಇಳಿಯತೊಡಗಿತು.

ಆಗ ಬೆರಳು ಕಿತ್ತುಕೊಂಡು ಬಂತು. ಅದರ ಜೊತೆಗೆ ಬಿಗಿಹಿಡಿದ ಉಸಿರೆಲ್ಲ ಹೊರಗೆ ಬಂತು, ಮಾತಾಗಿ, ಬಾಯಿಂದ. ನಾನು ಬಾಗಿಲು ಕಿತ್ತುಬರುವ ಹಾಗೆ ತೆರೆದು ಕೂಗಿದೆ: "ಇರು! ಹೋಗಬೇಡ! ನೀನಿಲ್ಲದೆ ನನಗಾಗಲ್ಲ ಕಣೇ, ಇರು!" ಚಾವಣಿಯ ಹಿಮ ಧೊಪ್ಪೆಂದು ಅಂಗಳಕ್ಕೆ ಬಿತ್ತು. ನದಿಯಾಚೆಯ ನಾಯಿಗಳೆಲ್ಲ ಎದ್ದು ಬೊಗಳಿದವು. ಅಂಥ ಮಾತು ನಮ್ಮ ಊರಿನಲ್ಲಿ ಹಿಂದೆಂದೂ ಯಾರೂ ಆಡಿರಲಿಲ್ಲ, ಮುಂದೆ ಆಡುವುದೂ ಇಲ್ಲ.

ಲಿಫ್ಟಿನ ಸದ್ದು ತಳ ಮುಟ್ಟಿ ನಿಂತಿತು.

ಎದುರಿಗೆ, ಮೆಟ್ಟಿಲ ಮೇಲೆ, ಗುರುವಾರ ಒಗೆದು ಒಣಗಿಸಿದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಗುನ್ವೋರ್ ನಿಂತಿದ್ದಳು.

"ನನಗಾ?" ಅಂದಳು.

ಅವಳು ಬುಟ್ಟಿ ಸಮೇತ ಬಂದು ಬಾಗಿಲ ತುಂಬ ನಿಂತಳು. ಪಕ್ಕದಿಂದ ನುಸುಳಲು ನೋಡಿದೆ. ಬುಟ್ಟಿ ಆ ಕಡೆಗೂ ಬಂತು.

"ಇಷ್ಟು ಬಾಯಿಬಿಟ್ಟು ನನ್ನನ್ನ ಯಾರೂ ಕರೆದಿಲ್ಲ, ರೂನೆ. ಆ ನನ್ನ ಗಂಡ, ದೇವರು ಅವನಿಗೆ ಒಳ್ಳೇದು ಮಾಡಲಿ, ಅವನೂ ಕರೆದಿಲ್ಲ. ಆಯ್ತು. ಸ್ವಲ್ಪ ಹೊತ್ತು ಇರ್ತೀನಿ."

ಒಳಗೆ ಬಂದು ಇಂಗೇಲಾಳ ಕುರ್ಚಿ ಎಳೆದು ಕೂತಳು. ನಾನು ಕಿಟಕಿಗೆ ಓಡಿದೆ. ಕಾರು ಮೂಲೆ ತಿರುಗುತ್ತಿತ್ತು. ಅದರ ಗುರುತುಗಳ ಮೇಲೆ ಹಿಮ ಬೀಳುತ್ತಿತ್ತು.

"ಕಾಫಿ ಇದ್ಯಾ?" ಅಂದಳು ಗುನ್ವೋರ್.

ಕಾಫಿ ಇತ್ತು. ಬೆಳಿಗ್ಗೆ ಇಂಗೇಲಾ ಮಾಡಿಟ್ಟ ಏಲಕ್ಕಿ ಬನ್ನು ತಟ್ಟೆಯಲ್ಲಿ ಒಂದೇ ಒಂದು ಉಳಿದಿತ್ತು, ಬಟ್ಟೆ ಮುಚ್ಚಿಟ್ಟಿದ್ದಳು. ಗುನ್ವೋರ್ ಬಟ್ಟೆ ಸರಿಸಿ ಅದನ್ನು ಎತ್ತಿಕೊಂಡಳು, ಕಾಫಿಯಲ್ಲಿ ಅದ್ದಿ ಅದ್ದಿ ಪೂರ್ತಿ ತಿಂದಳು, ಬೆರಳಿಗಂಟಿದ ಸಕ್ಕರೆಯನ್ನೂ ನೆಕ್ಕಿಕೊಂಡಳು.

"ಸ್ವಲ್ಪ ಒಣಗಿದೆ," ಅಂದಳು.